ಎರಡಕ್ಷರದ ಹೆಸರು

ಗಾಜಿನ ಜಾಡಿಯ ಹಾಲಿನೊಳಗೆ, ನೀರು ಬೆರೆತಷ್ಟೂ ಹೆಚ್ಚು ಮುಳುಗುವ ಕಡ್ಡಿಯನ್ನು ಇಳಿಬಿಟ್ಟು, ಅದು ಎರಡು ಸಲ ಕುಪ್ಪಳಿಸಿ ನಿಲ್ಲುವುದನ್ನು ಕಾಯುತ್ತಿದ್ದ ಡೇರಿಯ ಟೆಸ್ಟರನಿಗೆ ತಾನು ನೋಡುತ್ತಿರುವುದು ಹಾಲಿನ ಗೆರೆಯನ್ನಲ್ಲ ಎಂದು ತಡವಾಗಿ ಗೊತ್ತಾಯಿತು. ಅವನು ನೋಡುತ್ತಿದ್ದದ್ದು ನಿನ್ನೆ ಸಂಜೆ ಆ ಹೆಸರು ಹೇಳಿದಾಗಿನ ಹೆಂಡತಿಯ ಮುಖವನ್ನು. ಹೇಳುವಾಗ ಅವಳು ತನ್ನ ಕಡೆ ನೋಡುತ್ತಿದ್ದಳೋ, ಮಗುವಿನ ಕಡೆಯೋ? ಹೇಳಿ ಮುಗಿಸಿದ ಮೇಲೆ ತನ್ನ ಕಡೆ ನೋಡಿದ್ದಳು, ಅದು ಖಾತ್ರಿ. ಆದರೆ ಹೇಳುವ ಮುಂಚೆ ಒಂದು ಗಳಿಗೆ ತಡೆದಿದ್ದಳಲ್ಲ, ಆ ತಡೆ ಎಂಥದು? ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಆಮೇಲೆ, ಎಷ್ಟೋ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಹಣ್ಣಿನ ಬೀಜವನ್ನು ಅಂಗೈಗೆ ಉಗುಳಿಕೊಂಡ ಹಾಗೆ, ಆ ಎರಡಕ್ಷರವನ್ನು ಹೇಳಿದಳು. ಇದನ್ನೇ ಇಡೋಣ ರೀ, ಕರೆಯೋಕೆ ಚೆನ್ನಾಗಿದೆ, ಎಂದಳು. ಅವನು ಎದ್ದುಹೋಗಿ, ಬಾಯಾರಿಕೆ ಇಲ್ಲದಿದ್ದರೂ ಎರಡು ಲೋಟ ನೀರು ಕುಡಿದು ಬಂದಿದ್ದ. ನೀರು ಕುಡಿದದ್ದನ್ನು ಅವಳು ಗಮನಿಸಿದಳೇ?

“ಸಾರ್, ಮುಳುಗಿರೋದು ಕಡ್ಡಿನಾ, ನೀವಾ?” ಎಂದ ಉದ್ದಣ್ಣ. ಕ್ಯಾನುಗಳನ್ನು ಎತ್ತಿ ಲಾರಿಗೆ ಹಾಕುವವನು ಅವನು; ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸದೆ ಒಳಬಂದದ್ದೇ ಇಲ್ಲವಾದ್ದರಿಂದ ಆ ಹೆಸರು. ಸಾಲಿನಲ್ಲಿ ನಿಂತಿದ್ದ ನಾಲ್ಕು ಜನ ನಕ್ಕರು. ಟೆಸ್ಟರ್ ಅಂಕಿ ಬರೆದುಕೊಂಡ. ಬರೆದ ಮೇಲೆ, ನಿಜವಾಗಿ ಆ ಗೆರೆಯನ್ನು ನೋಡಿ ಬರೆದೆನೋ, ದಿನಾ ಆ ಮನೆಯ ಹಾಲಿಗೆ ಬರೆಯುವ ಅಂಕಿಯನ್ನೇ ಬರೆದೆನೋ ಎಂಬ ಅನುಮಾನ ಬಂದು, ಕ್ಯಾನಿಗೆ ಸುರಿದಿದ್ದ ಹಾಲನ್ನು ಮತ್ತೆ ಜಾಡಿಗೆ ತುಂಬಿಸಿ ಮತ್ತೆ ಕಡ್ಡಿ ಇಳಿಬಿಟ್ಟ. ಅಂಕಿ ಅದೇ ಬಂತು. ಹಾಲಿನ ಒಡೆಯ ಮುಖ ಗಂಟು ಹಾಕಿಕೊಂಡ. ಎರಡು ಸಲ ನೋಡಿದರೆಂದರೆ ಟೆಸ್ಟರಿಗೆ ತನ್ನ ಮೇಲೇನೋ ಸಂಶಯವಿದೆ ಎಂದೇ ಯಾರಾದರೂ ತಿಳಿಯಬೇಕಾದದ್ದು. ಹೌದು, ಅವನ ಕೆಲಸವೇ ಅದು. ಬೆಳಗ್ಗೆ ಅರವತ್ತು ಮನೆ, ಸಂಜೆ ಅರವತ್ತು ಮನೆ, ಎಲ್ಲರನ್ನೂ ಒಂದೇ ಸಮನಾಗಿ ಅನುಮಾನಿಸುವುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಮಾತನ್ನು ಬೇರೆಯವರು ಗಾದೆಗೆ ಹೇಳಿದರೆ ಅವನು ಸಂಬಳಕ್ಕೆ ಹೇಳುತ್ತಿದ್ದ. ಮನೆಯಲ್ಲಿ ಮಾತ್ರ ಅವನು ಇದುವರೆಗೂ ಯಾರನ್ನೂ ಅನುಮಾನಿಸಿದವನಲ್ಲ. ಅಥವಾ, ಅನುಮಾನಿಸುವ ಪ್ರಸಂಗ ಬಂದಿರಲಿಲ್ಲ.

ಅಂಗಿಯ ಜೇಬಿನಲ್ಲಿ ಜನನ ನೋಂದಣಿಯ ಫಾರಂ ಇತ್ತು. ನಾಳೆ ಮಧ್ಯಾಹ್ನದೊಳಗೆ ಕಚೇರಿಗೆ ಮುಟ್ಟಿಸಬೇಕು. ತಂದೆ, ತಾಯಿ, ವಿಳಾಸ, ಹುಟ್ಟಿದ ಹೊತ್ತು, ತೂಕ, ಎಲ್ಲ ಖಾನೆಗಳನ್ನೂ ತನ್ನ ದುಂಡು ಅಕ್ಷರದಲ್ಲಿ ತುಂಬಿಸಿಟ್ಟಿದ್ದ. ಒಂದು ಖಾನೆ ಖಾಲಿ. ಮದುವೆಯಾಗಿ ಆರು ವರ್ಷಕ್ಕೆ ಹುಟ್ಟಿದ ಹೆಣ್ಣುಮಗು. ಅವಳಿಗಾಗಿ ಅವನೊಂದು ಹೆಸರು ಆರಿಸಿಕೊಂಡಿದ್ದ, ಐದಕ್ಷರದ್ದು, ಹೊಸ ಕಾಲದ್ದು, ಪೇಟೆಯ ಬಟ್ಟೆ ಅಂಗಡಿಯ ಫಲಕಕ್ಕೂ ಒಪ್ಪುವಂಥದ್ದು. ಶಾಲೆಯ ಹಾಜರಿಯಲ್ಲಿ ಈಗ ಎಲ್ಲ ಅಂಥವೇ. ಮೇಷ್ಟರು ಕರೆದು ಮುಗಿಸುವಷ್ಟರಲ್ಲಿ ಮೊದಲ ಪಾಠದ ಹೊತ್ತು ಮುಗಿದಿರುತ್ತದೆ. ಹೆಂಡತಿ ಹೇಳಿದ ಹೆಸರೋ, ಅಜ್ಜಿಯಂದಿರ ಕಾಲದ್ದು. ಅಂಥ ಹೆಸರುಗಳನ್ನು ಜನ ಮಕ್ಕಳಿಗೂ ಇಡುತ್ತಿದ್ದರು, ಕರುಗಳಿಗೂ ಇಡುತ್ತಿದ್ದರು, ಎರಡನ್ನೂ ಒಂದೇ ದನಿಯಲ್ಲಿ ಮನೆಗೆ ಕರೆಯುತ್ತಿದ್ದರು. ಕೊನೆಯ ಅಕ್ಷರವನ್ನು ಎಳೆದಷ್ಟೂ ದೂರ ಹೋಗುತ್ತದೆ. ಈಗ ಯಾರೂ ಇಡುವುದಿಲ್ಲ. ಊರಲ್ಲಿ ಆ ಹೆಸರಿನವಳು ಒಬ್ಬಳೇ ಇದ್ದಳು, ಅವಳೂ ಊರು ಬಿಟ್ಟು ಒಂಬತ್ತು ವರ್ಷ. ಹೆಂಡತಿ ಈ ಊರಿಗೆ ಬಂದದ್ದು ಆಮೇಲೆ. ಹಾಗಿದ್ದ ಮೇಲೆ, ಲೋಕದಲ್ಲಿ ಇರುವ ಹೆಸರುಗಳನ್ನೆಲ್ಲ ಬಿಟ್ಟು, ಅದೇ ಹೆಸರು ಅವಳ ಬಾಯಿಗೆ ಹೇಗೆ ಬಂತು? ಯಾರೋ ಹೇಳಿಕೊಟ್ಟಿದ್ದಾರೆ. ಬೇಕೆಂದೇ. ಜೀವಮಾನ ಪೂರ್ತಿ, ಊಟಕ್ಕೆ ಬಾ ಎನ್ನುವಾಗ, ಚಪ್ಪಲಿ ಎಲ್ಲಿಟ್ಟೆ ಎನ್ನುವಾಗ, ಜ್ವರ ಬಂದರೆ ಹಣೆ ಮುಟ್ಟಿ ನೋಡುವಾಗ, ಅವನ ನಾಲಿಗೆ ಆ ಎರಡಕ್ಷರವನ್ನೇ ಹೊರಳಿಸಲಿ ಎಂದು.

ಲಾರಿ ಬರುವುದು ತಡವಾಗಿತ್ತು. ಖಾಲಿಯಾದ ಕಟ್ಟೆಯ ಮೇಲೆ ಉದ್ದಣ್ಣ ಮುಚ್ಚಳಗಳನ್ನು ಒರೆಸುತ್ತ ಕೂತಿದ್ದ. ಟೆಸ್ಟರ್ ಕಡ್ಡಿಯನ್ನು ಬಿಸಿನೀರಿನಲ್ಲಿ ತೊಳೆದು, ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಬೇರೇನೋ ಯೋಚಿಸುತ್ತಿರುವವನ ಹಾಗೆ ಕೇಳಿದ.

“ಮೊನ್ನೆ ನಮ್ಮನೆ ಕಡೆ ಹೋಗಿದ್ದೆಯಂತೆ.”

“ಹೋಗಿದ್ದೆ ಸಾರ್. ಮಗು ನೋಡ್ಕೊಂಡು ಬಂದೆ. ನಿಮ್ಮ ಮೂಗೇ ಬಂದಿದೆ, ಪಾಪ.”

“ತುಂಬಾ ಹೊತ್ತು ಇದ್ದೆಯಾ?”

“ಒಂದು ಲೋಟ ಕಾಫಿ ಹೊತ್ತು. ನಿಮ್ಮ ಅಮ್ಮ ಎರಡನೇದು ಕೊಡಲಿಲ್ಲ.”

“ಏನು ಮಾತಾಡಿದ್ರಿ?”

“ಮಗು ಜೊತೆನಾ?”

ಟೆಸ್ಟರ್ ನಗಲಿಲ್ಲ. “ನಮ್ಮವಳು ಏನಾದ್ರೂ ಕೇಳಿದ್ಲಾ ಅಂತ. ಡೇರಿದು. ಹಳೇದು.”

ಉದ್ದಣ್ಣ ಒರೆಸುತ್ತಿದ್ದ ಮುಚ್ಚಳವನ್ನು ತಿರುಗಿಸಿ, ಆಗಲೇ ಒರೆಸಿದ್ದ ಮಗ್ಗುಲನ್ನು ಮತ್ತೆ ಒರೆಸಿದ. “ಯಾವ ಹಳೇದು ಸಾರ್?” ಎಂದು ಮುಖ ನೋಡಿದ. ದನಿಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿರುವುದೇ ಟೆಸ್ಟರನಿಗೆ ಹಿಡಿಸಲಿಲ್ಲ. ಒಂಬತ್ತು ವರ್ಷದ ಹಿಂದೆ ಆ ಹೆಸರಿನವಳ ಕ್ಯಾನನ್ನು ಎತ್ತಿ ಮೋರಿಗೆ ಬಗ್ಗಿಸಿದ್ದು ಇದೇ ಉದ್ದಣ್ಣ. ಟೆಸ್ಟರ್ ಹೇಳಿದ್ದಕ್ಕೆ ಬಗ್ಗಿಸಿದ್ದ. ಬಗ್ಗಿಸುವ ಮುಂಚೆ ಒಂದು ಸಲ ಟೆಸ್ಟರನ ಮುಖ ನೋಡಿದ್ದ, ಈಗ ನೋಡಿದ ಹಾಗೆಯೇ.

ಆಗ ಟೆಸ್ಟರ್ ಕೆಲಸಕ್ಕೆ ಸೇರಿ ಎರಡು ತಿಂಗಳು. ಹಿಂದಿದ್ದ ಮುದುಕ ಟೆಸ್ಟರ್ ಹೋಗುವಾಗ ಬೀಗದ ಕೈ, ಪುಸ್ತಕ, ಕಡ್ಡಿ, ಥರ್ಮಾಮೀಟರು ಕೊಟ್ಟು, ಡೇರಿಯ ಹಿಂದಿನ ಮನೆಯವಳ ಕ್ಯಾನನ್ನು ಮಾತ್ರ ಪಕ್ಕಕ್ಕಿಟ್ಟು ಕೊನೆಗೆ ನೋಡು ಎಂದು ಹೇಳಿಹೋಗಿದ್ದ. ಯಾಕೆ ಎಂದು ಹೇಳಲಿಲ್ಲ, ಇವನೂ ಕೇಳಲಿಲ್ಲ. ಊರವರು ಮುಸಿಮುಸಿ ನಗುತ್ತಿದ್ದರು, ಮುದುಕನಿಗೆ ಅವಳ ಮೇಲೆ ದಯೆ ಜಾಸ್ತಿ ಎಂದು. ಇವನು ಹೊಸಬ, ನ್ಯಾಯವಂತ. ದಯೆಗಿಯೆ ಇಲ್ಲಿ ನಡೆಯಲ್ಲ, ಮೊದಲು ಬಂದವರದ್ದು ಮೊದಲು, ಎಂದು ಸಾಲು ಮಾಡಿದ. ಅವಳ ಮನೆ ಡೇರಿಯ ಗೋಡೆಗೆ ಅಂಟಿಕೊಂಡೇ ಇತ್ತು, ಮೂವತ್ತು ಹೆಜ್ಜೆ. ಎರಡು ಹಸು. ಕರೆದವಳೇ ನೊರೆ ಸಮೇತ ತಂದಿಡುತ್ತಿದ್ದಳು, ಎಲ್ಲರಿಗಿಂತ ಮೊದಲು. ಥರ್ಮಾಮೀಟರು ಅವನ ಕೈಜಾರಿ ಒಡೆದು ಹೋಗಿತ್ತು. ಹೊಸಬನಾದ್ದರಿಂದ ಮೇಲಿನವರಿಗೆ ತಿಳಿಸಲು ಹೆದರಿ, ಕಡ್ಡಿಯೊಂದರಿಂದಲೇ ದಿನ ತಳ್ಳುತ್ತಿದ್ದ. ಮೂರು ದಿನ ಒಂದೇ ಸಮನೆ ಅವಳ ಹಾಲಿನಲ್ಲಿ ಕಡ್ಡಿ ಮೂರು ಗೆರೆ ಹೆಚ್ಚಾಗಿ ಮುಳುಗಿತು. ನಾಲ್ಕನೆಯ ದಿನ ಸಾಲಿನ ಎದುರಿಗೇ ಅವಳ ಹೆಸರು ಹಿಡಿದು ಕೂಗಿದ. ನೀರು ಎಷ್ಟು ಹಾಕ್ತೀಯ ಎಂದ. ಅವಳು, ತನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು ಎಂದು ಆಗಲೂ ಅನ್ನಿಸಿತ್ತು, ಕೈ ಒರೆಸಿಕೊಳ್ಳುತ್ತ, ಹಾಕಿಲ್ಲಪ್ಪ ಎಂದಳು, ಅಷ್ಟೇ. ಅಳಲಿಲ್ಲ, ಬಯ್ಯಲಿಲ್ಲ. ಜಗಳವಾಡಿದ್ದರೆ ಅವನು ಸ್ವಲ್ಪ ಹಿಂಜರಿಯುತ್ತಿದ್ದನೇನೋ. ಹಾಲು ಮೋರಿಗೆ ಹೋಯಿತು. ಕಲಬೆರಕೆ ಮಾಡಿದವರ ಹಾಲು ನಿಲ್ಲಿಸಿ, ಅವರ ಹೆಸರನ್ನು ಒಂದು ವಾರ ಹಲಗೆಯ ಮೇಲೆ ಬರೆದಿಡಬೇಕೆಂಬುದು ಡೇರಿಯ ನಿಯಮ. ಬರೆದ. ಬೇರೆಯವರ ಹೆಸರಾಗಿದ್ದರೆ ಉದ್ದಕ್ಕೆ ಕಿರಿದು ಮಾಡಿ ತುರುಕಬೇಕಿತ್ತು. ಅವಳದು ಎರಡೇ ಅಕ್ಷರವಾದ್ದರಿಂದ ಹಲಗೆ ತುಂಬ ದೊಡ್ಡದಾಗಿ ಬಂತು. ಅಕ್ಷರ ಚೆನ್ನಾಗಿದೆ ಎಂದು ಯಾರೋ ಹೊಗಳಿದರು ಕೂಡ.

ಆಮೇಲೊಂದು ದಿನ ಹಾಲು ತಣಿಸುವ ಶೀತಲ ಕೇಂದ್ರದಿಂದ ಬಂದ ಮೇಲ್ವಿಚಾರಕ ಕಾಫಿ ಕುಡಿಯುತ್ತ, ಕರೆದ ಗಳಿಗೆಯ ಹಾಲಿಗೆ ಕಡ್ಡಿ ಸುಳ್ಳು ಹೇಳುತ್ತೆ ಕಣ್ರೀ, ಬಿಸಿ ಇಳಿದು ನೊರೆ ಕೂರೋವರೆಗೂ ಬಿಟ್ಟು ನೋಡಬೇಕು, ಎಂದು ಸುಮ್ಮನೆ ಮಾತಿಗೆ ಹೇಳಿದ. ಆ ಸಂಜೆ ಟೆಸ್ಟರ್ ಬಾಗಿಲು ಹಾಕಿಕೊಂಡು ಬೇರೊಬ್ಬರ ಹಸುವಿನ ಹಾಲನ್ನು ಎದುರಿಗೇ ಕರೆಸಿ ತಂದು ಬಿಸಿಯಾಗಿದ್ದಾಗ ಒಂದು ಸಲ, ಗಂಟೆ ಬಿಟ್ಟು ಒಂದು ಸಲ ನೋಡಿದ. ಮೂರು ಗೆರೆ ವ್ಯತ್ಯಾಸ. ಮೂರೇ. ಮುದುಕ ಅವಳ ಕ್ಯಾನನ್ನು ಪಕ್ಕಕ್ಕಿಡುತ್ತಿದ್ದದ್ದು ದಯೆಗಲ್ಲ. ಎಲ್ಲರಿಗಿಂತ ತಾಜಾ ಹಾಲು ತಂದದ್ದೇ ಅವಳ ತಪ್ಪಾಗಿತ್ತು. ಜಾಡಿ ತೊಳೆದಿಟ್ಟು ಮನೆಗೆ ಹೋಗಿ ಊಟ ಮಾಡಿದ. ಯಾರಿಗೂ ಹೇಳಲಿಲ್ಲ. ಹೇಳುವುದಕ್ಕಾದರೂ ಯಾರಿದ್ದರು, ಅಷ್ಟರಲ್ಲಿ ಅವಳು ಹಸು ಮಾರಿ ಊರು ಬಿಟ್ಟಾಗಿತ್ತಲ್ಲ. ಬಿಟ್ಟಾಗಿತ್ತು. ಒಂಬತ್ತು ವರ್ಷದಿಂದ ಅವನು ಹಾಗೆ ಹೇಳಿಕೊಂಡಿದ್ದ, ಎಷ್ಟು ಸಲ ಎಂದರೆ ಅದು ಅವನ ಕಣ್ಣೆದುರಿಗೇ ನಡೆದ ಹಾಗಾಗಿತ್ತು.

ಮನೆಗೆ ಬಂದಾಗ ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಒಳಗೆ ಮಗು ಮಲಗಿತ್ತು, ಹೆಂಡತಿಯೂ ಮಲಗಿರಬೇಕು, ಸದ್ದಿರಲಿಲ್ಲ. ಅವನು ಚಪ್ಪಲಿ ಬಿಡದೆ ಅಮ್ಮನ ಪಕ್ಕದ ಮೆಟ್ಟಿಲಿಗೆ ಕೂತ. ಬಂದ ತಕ್ಷಣ ಅಡುಗೆಮನೆಗೆ ಹೋಗುವ ಮಗ ಇಲ್ಲಿ ಬಂದು ಕೂತನೆಂದರೆ ಏನೋ ಇದೆ ಎಂದು ಅವಳಿಗೆ ಅನ್ನಿಸಿದ್ದು ಅವನಿಗೂ ಗೊತ್ತಾಯಿತು.

“ಹೆಸರು ಕೇಳಿದೆಯಾ ಅಮ್ಮ? ಇವಳು ಹೇಳ್ತಿರೋದು.”

“ಕೇಳ್ದೆ. ನಮ್ಮ ಕಾಲದ ಹೆಸರು. ಇಲ್ಲಿಂದ ಕರೆದ್ರೆ ಹೊಲದ ಆ ತುದಿಗೆ ಕೇಳುತ್ತೆ. ನೀನು ಹೇಳೋ ಹೆಸರು ಅಂಗಳ ದಾಟೋ ಅಷ್ಟರಲ್ಲಿ ಸುಸ್ತಾಗುತ್ತೆ.”

“ನೀನೇ ಹೇಳ್ಕೊಟ್ಟೆಯೇನೋ ಅಂದ್ಕೊಂಡೆ.”

“ನಾನ್ಯಾಕೆ ಹೇಳ್ಕೊಡ್ಲಿ? ನನ್ನ ಹೆಸರು ಇಡೋಣ ಅಂತ ಇಬ್ಬರಲ್ಲಿ ಒಬ್ಬರಾದ್ರೂ ಅಂತೀರೇನೋ ಅಂತ ನಾನೇ ಕಾದು ಕೂತಿದ್ದೀನಿ.” ಕಡ್ಡಿಯಾದ ಸೊಪ್ಪನ್ನು ಆಚೆ ಎಸೆದು ಮಗನನ್ನು ನೋಡಿದಳು. “ಅದಿರಲಿ, ಆ ಹೆಸರಲ್ಲಿ ಏನಿದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ, ಹಾಗೆ ಕೂತಿದ್ದೀಯ.”

“ಏನಿಲ್ಲ. ಊರಲ್ಲಿ ಒಬ್ಬಳಿದ್ಲಲ್ಲ, ಆ ಹೆಸರಿನೋಳು.”

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ಯೋಚಿಸಿದಳೋ, ಯೋಚಿಸುವವಳ ಹಾಗೆ ಮಾಡಿದಳೋ.

“ಡೇರಿ ಹಿಂದಿನ ಮನೆಯೋಳಾ? ಹಾಲಿಗೆ ನೀರು ಹಾಕ್ತಿದ್ಲು ಅಂತ ನೀನೇ ಬೋರ್ಡಿಗೆ ಬರೆದೆಯಲ್ಲ. ಹೌದಲ್ವಾ, ನಂಗೆ ಹೊಳೀಲೇ ಇಲ್ಲ ನೋಡು. ಕಳ್ಳಿ ಹೆಸರು ಮನೆ ಮಗೂಗೆ ಯಾಕೆ? ಅದನ್ನೇ ಅವಳಿಗೆ ಹೇಳು, ಬಿಟ್ಟುಬಿಡ್ತಾಳೆ.”

ಎಷ್ಟು ಸುಲಭವಾಗಿತ್ತು. ಅವನು ಇಡೀ ಬೆಳಗ್ಗೆ ಹುಡುಕಿದ್ದ ಕಾರಣವನ್ನು ಅಮ್ಮ ಸೊಪ್ಪಿನ ಜೊತೆ ಬಿಡಿಸಿ ಕೈಗೆ ಕೊಟ್ಟಿದ್ದಳು. ಊರೆಲ್ಲ ಒಪ್ಪಿರುವ ಮಾತು. ಸಾಕ್ಷಿ ಕೂಡ ಅವನದೇ. ಇನ್ನೊಂದು ಸಲ ಅದೇ ಮಾತನ್ನು ಹೇಳಿದರೆ ಸಾಕು, ಈ ಸಲ ಸಾಲಿನ ಎದುರಿಗೂ ಅಲ್ಲ, ಒಂದು ಕೋಣೆಯೊಳಗೆ, ತಗ್ಗಿದ ದನಿಯಲ್ಲಿ. ಅವನು ಎದ್ದು ಚಪ್ಪಲಿ ಬಿಟ್ಟ.

ಹೆಂಡತಿ ಮಲಗಿರಲಿಲ್ಲ. ಗೋಡೆಗೆ ಒರಗಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಹಿತ್ತಲ ಮಾತು ಈ ಕಿಟಕಿಗೆ ಕೇಳುತ್ತದೆ ಎಂಬುದು ಅವನಿಗೆ ಆಗ ನೆನಪಾಯಿತು.

“ಬನ್ನಿ,” ಎಂದಳು. “ಉದ್ದಣ್ಣನ್ನ ಕೇಳಾಯ್ತು, ಅಮ್ಮನ್ನ ಕೇಳಾಯ್ತು. ಈಗ ನನ್ನ ಸರದಿ.”

“ಉದ್ದಣ್ಣ ಬಂದಿದ್ನಾ?”

“ಅವನ ಹೆಂಡತಿ ಬಂದಿದ್ಲು, ಮೊಸರು ಇಸ್ಕೊಂಡು ಹೋಗೋಕೆ. ನಿಮ್ಮ ಯಜಮಾನ್ರಿಗೆ ಏನಾಗಿದೆ, ಹಾಲು ಬಿಟ್ಟು ನಮ್ಮೋರನ್ನ ಟೆಸ್ಟ್ ಮಾಡ್ತಿದ್ದಾರಂತಲ್ಲ ಅಂದ್ಲು.” ಅವಳ ದನಿ ಏರಲಿಲ್ಲ. “ಒಂದೇ ಮಾತು ಕೇಳ್ತೀನಿ. ಯಾರ್ರೀ ಅವಳು?”

“ಯಾರು?”

“ಆ ಹೆಸರಿನೋಳು. ನಿನ್ನೆ ನಾನು ಹೆಸರು ಹೇಳಿದ್ದೇ ತಡ, ಹಾವು ತುಳಿದೋರ ಹಾಗೆ ಎದ್ದುಹೋದ್ರಿ. ನಮ್ಮ ಮದುವೆಗಿಂತ ಮುಂಚೆನಾ?”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ನಾಚಿಕೆಯಾಗಬೇಕಾದಲ್ಲಿ, ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಅವಳಿಗೆ ಏನೂ ಗೊತ್ತಿಲ್ಲ. ಅವಳು ಅನುಮಾನಿಸುತ್ತಿರುವುದು ಒಬ್ಬ ಹುಡುಗಿಯನ್ನು, ಹಳೆಯ ಒಂದು ಪ್ರೀತಿಯನ್ನು. ಹೌದು ಅಂದುಬಿಟ್ಟರೆ? ಇದ್ದಳೊಬ್ಬಳು, ಕೈಗೂಡಲಿಲ್ಲ, ಆ ಹೆಸರು ಕೇಳಿದರೆ ಸಂಕಟವಾಗುತ್ತದೆ. ನಾಲ್ಕು ದಿನ ಮುಖ ತಿರುಗಿಸುತ್ತಾಳೆ, ಎಂಟು ದಿನ ಚುಚ್ಚಿ ಮಾತಾಡುತ್ತಾಳೆ, ಆಮೇಲೆ ಆ ಹೆಸರನ್ನು ಅವಳೇ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಎಷ್ಟೋ ಗಂಡಸರಿಗೆ ಅಂಥದೊಂದು ಇರುತ್ತದೆ, ಇದ್ದರೆ ಸ್ವಲ್ಪ ಶೋಭೆಯೇ. ತನಗೆ ಬಾರದಿದ್ದ ಪ್ರೀತಿಯನ್ನು ಅವನು ಆ ಗಳಿಗೆಯಲ್ಲಿ ಮನಸ್ಸಿನಲ್ಲೇ ಕಟ್ಟಿ ನೋಡಿದ: ಬಾವಿಕಟ್ಟೆ, ಹಸಿರು ಸೀರೆ. ಆ ಸೀರೆಯೊಳಗಿಂದ ಕೈ ಒರೆಸಿಕೊಳ್ಳುತ್ತ ಬಂದದ್ದು ಮಾತ್ರ ಡೇರಿ ಹಿಂದಿನ ಮನೆಯವಳೇ.

“ಅಂಥದ್ದೇನಿಲ್ಲ,” ಎಂದ. “ಊರಲ್ಲಿ ಒಬ್ಬಳಿದ್ಲು. ಹಾಲಿಗೆ...” ಅಮ್ಮ ಕೊಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. “ಹಾಲಿಗೆ ನೀರು ಹಾಕ್ತಿದ್ಲು ಅಂತ ಹೆಸರಾಗಿತ್ತು. ಹಸು ಎರಡೂ ಮಾರ್ಕೊಂಡು ಊರು ಬಿಟ್ಟು ಹೋದ್ಲು. ಅಂಥೋಳ ಹೆಸರು ನಮ್ಮ ಮಗೂಗೆ ಯಾಕೆ ಅಂತ.”

ಹೆಂಡತಿ ಮಗುವಿನ ಮುಷ್ಟಿಯಿಂದ ತನ್ನ ಸೆರಗಿನ ತುದಿಯನ್ನು ಬಿಡಿಸಿಕೊಳ್ಳುತ್ತಿದ್ದಳು. “ಎರಡು ಹಸು,” ಎಂದಳು ನಿಧಾನವಾಗಿ. “ಎಡಗೈ ಹೆಬ್ಬೆರಳು ಸ್ವಲ್ಪ ಸೊಟ್ಟನಾ ಅವರದು?”

ಹೆಬ್ಬೆರಳು ಅವನಿಗೆ ನೆನಪಿರಲಿಲ್ಲ. ಈಗ ನೆನಪಾಯಿತು, ಹಾಲು ಕರೆದೂ ಕರೆದೂ ಸೊಟ್ಟಗಾದ ಬೆರಳು, ಸಾಲಿನ ಎದುರಿಗೆ ಒರೆಸಿಕೊಂಡ ಕೈ.

“ಆಸ್ಪತ್ರೇಲಿ ಬಟ್ಟೆ ಒಗೀತಾರೆ ಅವರು,” ಎಂದಳು. “ನೀವು ಸಂಜೆ ಹಾಲಿಗೆ ಹೊತ್ತಾಯ್ತು ಅಂತ ಹೋದ್ರಲ್ಲ ಅವತ್ತು, ಆಮೇಲೆ ನೋವು ಜಾಸ್ತಿ ಆಯ್ತು. ನರ್ಸುಗಳು ಬೇರೆ ಕಡೆ ಇದ್ರು. ಒಗೆದ ಬಟ್ಟೆ ಇಡೋಕೆ ಬಂದೋರು ಬುಟ್ಟಿ ಅಲ್ಲೇ ಇಟ್ಟು ನನ್ನ ಕೈ ಹಿಡ್ಕೊಂಡ್ರು, ಮಗು ಬರೋವರೆಗೂ ಬಿಡಲಿಲ್ಲ. ಹೆಸರು ಕೇಳಿದೆ, ಹೇಳಿದ್ರು. ಇಡ್ತೀನಿ ಅಂತ ಅವಾಗಲೇ ಅಂದ್ಕೊಂಡೆ. ಬಟ್ಟೆ ಒಗೆಯೋರ ಹೆಸರು ಅಂದ್ರೆ ಅತ್ತೆ ಏನಂತಾರೋ ಅಂತ ನಿಮಗೂ ಹೇಳಲಿಲ್ಲ.”

“ನಾನು ಯಾರು ಅಂತ ಹೇಳಿದೆಯಾ ಅವಳಿಗೆ?”

“ಯಜಮಾನ್ರು ಏನ್ಮಾಡ್ತಾರೆ ಅಂತ ಕೇಳಿದ್ರು. ಊರು ಹೇಳಿದೆ, ಡೇರೀಲಿ ಟೆಸ್ಟರ್ ಅಂದೆ.”

“ಏನಂದ್ಲು?”

“ಏನೂ ಅನ್ಲಿಲ್ಲ. ಮಗೂನ ಸ್ವಲ್ಪ ಹೊತ್ತು ಕೈಲೇ ಇಟ್ಕೊಂಡಿದ್ರು. ಬಿಸಿಬಿಸಿ ಇದ್ದಾಳೆ ಅಂದ್ರು, ನನ್ನ ಪಕ್ಕ ಮಲಗಿಸಿ ಹೋದ್ರು.”

ಬಿಸಿಬಿಸಿ. ಹುಟ್ಟಿದ ಮಗುವನ್ನು ಎತ್ತಿಕೊಂಡ ಯಾರೇ ಆದರೂ ಅನ್ನುವ ಮಾತು. ಆದರೆ ಅದನ್ನು ಅವಳು ಯಾವ ದನಿಯಲ್ಲಿ ಅಂದಳು, ಅನ್ನುವಾಗ ನಕ್ಕಳೇ, ತುಟಿ ಸೊಟ್ಟಗಾಯಿತೇ ಎಂದು ಕೇಳಲು ಬಾಯಿ ತೆರೆದವನು, ತಾನು ಹೆಂಡತಿಯ ಹೆರಿಗೆಯ ಕೋಣೆಗೂ ಗಾಜಿನ ಕಡ್ಡಿ ಹಿಡಿದು ನುಗ್ಗುತ್ತಿದ್ದೇನೆ ಅನ್ನಿಸಿ ಬಾಯಿ ಮುಚ್ಚಿದ.

“ಹಾಕಿದ್ರಾ ಅವರು?” ಎಂದಳು ಹೆಂಡತಿ. “ನೀರು?”

ಇಲ್ಲ ಎನ್ನುವುದಕ್ಕೆ ಅವನಿಗೆ ತುಂಬ ಮಾತು ಬೇಕಾಯಿತು. ಥರ್ಮಾಮೀಟರಿನಿಂದ ಶುರುಮಾಡಿದ, ಮುದುಕ ಕಾರಣ ಹೇಳದೆ ಹೋದದ್ದು, ಹೊಸಬನಿಗೆ ಯಾರೂ ಕಲಿಸದಿದ್ದದ್ದು, ಸಾಲು, ನಿಯಮ. ಹೇಳುತ್ತ ಹೇಳುತ್ತ ಎಲ್ಲವೂ ಬೇರೆಯವರ ತಪ್ಪಾಗುತ್ತ ಹೋಯಿತು. ಅವಳು ಮಧ್ಯೆ ಬಾಯಿ ಹಾಕಲಿಲ್ಲ. ಅವನೇ ಎಲ್ಲೋ ನಿಂತು, ಮತ್ತೆ ಮೊದಲಿಂದ, ಚಿಕ್ಕದಾಗಿ ಹೇಳಿದ: ಅವಳು ನೀರು ಹಾಕಿರಲಿಲ್ಲ, ಅದು ನನಗೆ ಆಮೇಲೆ ಗೊತ್ತಾಯಿತು, ನಾನು ಯಾರಿಗೂ ಹೇಳಲಿಲ್ಲ.

ಹಿತ್ತಲಲ್ಲಿ ಸೊಪ್ಪು ಬಿಡಿಸುವ ಸದ್ದು ನಿಂತಿತ್ತು. ಹೆಂಡತಿ ಮಗುವನ್ನು ತೊಟ್ಟಿಲಿಗೆ ಹಾಕಿ, ಅವನ ಎದುರಿಗೆ ಬಂದು, ಅವನ ಜೇಬಿನಿಂದ ಫಾರಮನ್ನು ತೆಗೆದು, ಬಿಚ್ಚಿ, ಖಾಲಿ ಖಾನೆಯನ್ನು ನೋಡಿ, ಮತ್ತೆ ಮಡಿಸಿ ಅದೇ ಜೇಬಿಗಿಟ್ಟಳು.

“ನನ್ನ ಕೈ ಹಿಡ್ಕೊಂಡು ಕೂತಿದ್ರಲ್ಲ, ಆಗ ಹೇಳಬಹುದಿತ್ತು ಅವರು,” ಎಂದಳು. “ಒಂದು ಮಾತು. ಹೇಳಲಿಲ್ಲ. ಸಂಜೆ ಹಾಲಿಗೆ ಇನ್ನೂ ಹೊತ್ತಿದೆ. ಹೋಗಿ ಕೇಳ್ಕೊಂಡು ಬನ್ನಿ. ಅವರು ಬೇಡ ಅಂದ್ರೆ ನಿಮ್ಮ ಉದ್ದದ ಹೆಸರೇ ಬರೀರಿ, ನಾನು ಚಕಾರ ಎತ್ತಲ್ಲ. ಅವರನ್ನ ಕೇಳ್ದೆ ಇನ್ನು ನಾನೂ ಆ ಹೆಸರಲ್ಲಿ ಕರೆಯಲ್ಲ.”

ಆಸ್ಪತ್ರೆಯ ಹಿಂಭಾಗಕ್ಕೆ ಅವನು ಎಂದೂ ಹೋದವನಲ್ಲ. ಮುಂದಿನ ಬಾಗಿಲು ಗೊತ್ತು, ಚೀಟಿ ಕೊಡುವ ಕಿಟಕಿ ಗೊತ್ತು. ಹಿಂದಕ್ಕೆ ಬಂದರೆ ಸಿಮೆಂಟಿನ ತೊಟ್ಟಿಗಳು, ಒಗೆಯುವ ಸೋಡಾದ ವಾಸನೆ, ಆರು ಸಾಲು ಹಗ್ಗ, ಹಗ್ಗದ ತುಂಬ ಬಿಳಿ ಹೊದಿಕೆಗಳು. ಬಸ್ಸಿನಲ್ಲಿ ಬರುವಾಗ ಅವನು ಎರಡು ಆಸೆಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದ: ಅವಳು ಇವತ್ತು ರಜೆಯಲ್ಲಿರಲಿ, ಇದ್ದರೆ ತನ್ನ ಗುರುತು ಹತ್ತದಿರಲಿ. ಹೊದಿಕೆಗಳ ನಡುವೆ ಅವಳ ಕಾಲು ಮೊದಲು ಕಂಡಿತು. ನೀರಲ್ಲಿ ನಿಂತು ನಿಂತು ಬಿಳಿಚಿಕೊಂಡ ಪಾದ. ಆಮೇಲೆ ಹೊದಿಕೆಯೊಂದನ್ನು ಸರಿಸಿ ಅವಳೇ ನೋಡಿದಳು. ಕೂದಲು ಪೂರ್ತಿ ನೆರೆತಿತ್ತು.

“ಟೆಸ್ಟರು,” ಎಂದಳು, ಯಾವುದೋ ಸಾಮಾನಿನ ಹೆಸರು ಹೇಳಿದ ಹಾಗೆ. “ಹಾಲಿನ ಹೊತ್ತಾಗ್ತಾ ಬಂತಲ್ಲ. ಮಗು ಹುಷಾರಾ?”

“ಹುಷಾರು.” ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಯಾವುದು ಮೊದಲು ಎಂಬುದು ಮರೆತಿತ್ತು. “ನೀವು ನೀರು ಹಾಕಿರಲಿಲ್ಲ,” ಎಂದ.

ಅವಳು ಬಕೆಟ್ಟಿನಿಂದ ಇನ್ನೊಂದು ಹೊದಿಕೆ ತೆಗೆದು ಹಿಂಡಿದಳು. “ನಂಗೆ ಗೊತ್ತಿರಲ್ಲ ಅಂದ್ಕೊಂಡು ಹೇಳೋಕೆ ಬಂದ್ರಾ?”

“ಹಾಲು ಬಿಸಿ ಇತ್ತು. ಬಿಸಿ ಇದ್ರೆ ಕಡ್ಡಿ ಜಾಸ್ತಿ ಮುಳುಗುತ್ತೆ. ನಂಗೆ ಆಗ ಗೊತ್ತಿರಲಿಲ್ಲ.”

“ಯಾವಾಗ ಗೊತ್ತಾಯ್ತು?”

“ಒಂದು ತಿಂಗಳಿಗೆ. ಅಷ್ಟರಲ್ಲಿ ನೀವು ಊರು ಬಿಟ್ಟಿದ್ರಿ.”

“ನಾನು ಊರು ಬಿಟ್ಟಿದ್ದು ನಾಲ್ಕು ತಿಂಗಳಿಗೆ,” ಎಂದಳು. “ಹಸು ಮಾರಿದ್ದು ಮೂರಕ್ಕೆ. ಡೇರಿ ಹಾಲು ತಗೊಳಲ್ಲ ಅಂದ್ಮೇಲೂ ಮೂರು ತಿಂಗಳು ಮೇಯಿಸಿದೆ. ಗೋಡೆ ಆಚೆ ನೀವು ಹೆಸರು ಕೂಗೋದೆಲ್ಲ ಕೇಳ್ತಾನೇ ಇತ್ತು. ದಿನಾ ಬೆಳಗ್ಗೆ ಕೇಳ್ತಿದ್ದೆ, ಇವತ್ತು ನಂದು ಕೂಗ್ತಾರೇನೋ ಅಂತ.”

ಬಾಗಿಲು ಹಾಕಿಕೊಂಡು ಮೂರು ಗೆರೆ ಎಣಿಸಿದ ಆ ಸಂಜೆ, ಗೋಡೆಯ ಆಚೆ, ಮೂವತ್ತು ಹೆಜ್ಜೆಯಲ್ಲಿ, ದೀಪವಿತ್ತು. ಹಸುವಿನ ಕೊರಳ ಗಂಟೆ ಕೇಳಿಸಿತ್ತು. ಕೇಳಿಸಿಯೂ ಅವನು ಜಾಡಿ ತೊಳೆದಿಟ್ಟಿದ್ದ. ಇದು ಈಗ ಅವಳು ಹೇಳಿದ್ದರಿಂದ ಹುಟ್ಟಿದ ನೆನಪೋ, ಮೊದಲಿಂದ ಇದ್ದದ್ದೋ? ಸಾಲಿನಲ್ಲಿ ನಿಂತ ಯಾರನ್ನೂ ಬಿಡದೆ ಅನುಮಾನಿಸಿದ ತಾನು ಒಂಬತ್ತು ವರ್ಷ ಅನುಮಾನಿಸದೆ ನಂಬಿದ್ದದ್ದು ಅಷ್ಟರಲ್ಲಿ ಅವಳು ಊರು ಬಿಟ್ಟಾಗಿತ್ತು ಎಂಬ ಇದೊಂದನ್ನೇ ಎಂದು ಅವನಿಗೆ ಕಂಡಿತು, ಮತ್ತು ಅದು ಕಂಡದ್ದರಿಂದ ಏನೂ ಹಗುರಾಗಲಿಲ್ಲ.

“ನಮ್ಮವಳು ಮಗೂಗೆ ನಿಮ್ಮ ಹೆಸರು ಇಡ್ಬೇಕು ಅಂತಿದ್ದಾಳೆ,” ಎಂದ. “ನಿಮ್ಮನ್ನ ಕೇಳ್ಕೊಂಡು ಬನ್ನಿ ಅಂದ್ಲು.”

“ಅವಳು ಅಂದ್ಲು. ನೀವು?”

“ನೀವು ಬೇಡ ಅಂದ್ರೆ ಬೇರೆ ಇಡ್ತೀವಿ.”

ಅವಳು ಅವನನ್ನು ಪೂರ್ತಿಯಾಗಿ ನೋಡಿದ್ದು ಆಗಲೇ. ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ನೋಡುವಾಗ ಅವನು ನೋಡುತ್ತಿದ್ದದ್ದು ಹಾಗೆ. “ಬೇಡ ಅನ್ಲಿ ಅಂತ ಬಂದಿದ್ದೀರ,” ಎಂದಳು.

ಇಲ್ಲ ಎನ್ನಲು ಹೋದವನ ಕೈ ಜೇಬಿನ ಫಾರಮನ್ನು ಮುಟ್ಟಿತು.

“ಹೆಸರು ನಾನೇನು ಗಂಟು ಕಟ್ಟಿ ಇಟ್ಕೊಂಡಿದ್ದೀನಾ? ನಮ್ಮೂರಲ್ಲಿ ಕರುಗೂ ಇಡ್ತಿದ್ರು. ಆ ಹುಡುಗಿ ಒಳ್ಳೇದು, ನೋವಲ್ಲೂ ನನ್ನನ್ನ ಬಹುವಚನದಲ್ಲಿ ಮಾತಾಡಿಸ್ತು. ಅವಳು ಕರೀತಾಳೆ, ಅದರಲ್ಲಿ ನಂಗೆ ಯೋಚನೆ ಇಲ್ಲ. ನೀವೂ ಕರೀಬೇಕಲ್ಲ ದಿನಾ.” ಹೊದಿಕೆಯನ್ನು ಹಗ್ಗದ ಮೇಲೆ ಎಸೆದು, ಅದರ ಆಚೆಗೆ ಹೋದಳು, ಈಗ ಅವನಿಗೆ ಕಾಣುತ್ತಿದ್ದದ್ದು ಬಿಳಿ ಬಟ್ಟೆ, ಅದರ ಕೆಳಗೆ ಎರಡು ಪಾದ. “ಕರೀರಿ ನೋಡೋಣ.”

“ಈಗಲಾ?”

“ಮತ್ತೆ ಯಾವಾಗ?”

ಮೊದಲ ಸಲ ದನಿ ತುಟಿಯಿಂದ ಆಚೆಗೇ ಹೋಗಲಿಲ್ಲ. ಎರಡನೆಯ ಸಲ ಗಂಟಲು ಸರಿಮಾಡಿಕೊಂಡು ಕರೆದ. ಆ ಎರಡಕ್ಷರ ಹೊರಬಿದ್ದದ್ದೇ ತಡ, ತೊಟ್ಟಿಯ ಹತ್ತಿರ ಬಟ್ಟೆ ಕುಕ್ಕುತ್ತಿದ್ದ ಇನ್ನೊಬ್ಬಳು ಕೈ ನಿಲ್ಲಿಸಿ ಏನೋ ತಪ್ಪಾಯಿತೆಂಬಂತೆ ತಿರುಗಿ ನೋಡಿದಳು.

“ಇದು ಸಾಲಲ್ಲಿ ನಿಂತೋರನ್ನ ಕೂಗೋ ದನಿ,” ಎಂದಳು ಬಟ್ಟೆಯ ಆಚೆಯಿಂದ. “ಹೀಗೆ ಕರೆದ್ರೆ ಮಗು ಮಂಚದ ಕೆಳಗೆ ಹೋಗಿ ಕೂರುತ್ತೆ.”

ಅವನು ಮತ್ತೆ ಕರೆದ. ಮತ್ತೆ. ಒಮ್ಮೆ ತೀರಾ ಬೇಡುವ ಹಾಗೆ ಬಂತು, ಅದು ಅವನಿಗೇ ಹೇಸಿಗೆಯಾಯಿತು. ಸಂಜೆಯ ಬಸ್ಸು ಮುಂದಿನ ರಸ್ತೆಯಲ್ಲಿ ಹಾರ್ನ್ ಮಾಡಿ ಹೋಯಿತು; ಡೇರಿಯ ಕಟ್ಟೆಯ ಮುಂದೆ ಅರವತ್ತು ಮನೆಯವರು ಕ್ಯಾನಿಟ್ಟುಕೊಂಡು ನಿಲ್ಲುವ ಹೊತ್ತು. ಅವನು ಅಲ್ಲೇ ನಿಂತಿದ್ದ. ಎಷ್ಟನೆಯ ಸಲವೋ, ಬಟ್ಟೆಯ ಆಚೆ ಇರುವವಳು ಯಾರೆಂಬುದನ್ನು ಅವನು ಒಂದು ಗಳಿಗೆ ಮರೆತಿರಬೇಕು, ತೊಟ್ಟಿಲಲ್ಲಿ ಮುಷ್ಟಿ ಬಿಗಿದು ಮಲಗಿದ್ದದ್ದು ಕಣ್ಣಿಗೆ ಬಂದಿರಬೇಕು, ಕೊನೆಯ ಅಕ್ಷರ ತಾನಾಗಿ ಸ್ವಲ್ಪ ಉದ್ದವಾಗಿ, ಅಂಗಳ ದಾಟಿ ಹೊಲದ ಕಡೆಗೆ ಹೋಗುವ ಹಾಗೆ ಹೊರಟಿತು.

ಆಚೆಯ ಪಾದಗಳು ಅಲುಗಲಿಲ್ಲ. ಅವನು ಕಾದ. ಗಾಳಿಗೆ ಹೊದಿಕೆ ಉಬ್ಬಿ ಅವನ ಮುಖಕ್ಕೆ ತಣ್ಣಗೆ ತಾಗಿ ಹಿಂದಕ್ಕೆ ಹೋಯಿತು.

“ಇದು ಪರವಾಗಿಲ್ಲ,” ಎಂದಳು. “ಬರ್ಕೊಳ್ಳಿ.”

“ನೀವು ಓ ಅನ್ಲಿಲ್ಲ,” ಎಂದ ಅವನು. ಅನ್ನಬಾರದಿತ್ತು ಎಂದು ಅಂದಮೇಲೆ ಗೊತ್ತಾಯಿತು.

ಅವಳು ಖಾಲಿ ಬಕೆಟ್ಟನ್ನು ಎತ್ತಿಕೊಂಡು ತೊಟ್ಟಿಯ ಕಡೆಗೆ ಹೊರಟವಳು, ತಿರುಗದೆಯೇ ಹೇಳಿದಳು.

“ಓ ಅನ್ನೋದು ಮಗು ಕೆಲಸ. ಅದು ಅಂದ್ರೆ ಅಂತು. ನಾನ್ಯಾಕೆ ಅನ್ಲಿ.”